ಗೆಡ್ಡೆಯ ಸೀಮೆಯಲ್ಲಿ ಒಂದು ಏಪ್ರಿಲ್ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಲೆಂಡಿನ ಟ್ಯೂಲಿಪ್ ತೋಟ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಹಳೆಯ ಹಿಂದಿ ಸಿನಿಮಾದ ಹಾಡು. ಲಿಸ್ಸೆ ಊರಿನ ಆ ತೋಟದ ಹೆಸರು ಕ್ಯೂಕೆನ್‌ಹಾಫ್. ಏಪ್ರಿಲ್‌ನಲ್ಲಿ ಹೋದರೆ ಅಲ್ಲಿ ಜಾತ್ರೆ. ಅದಕ್ಕೇ ನಾನು ಹೇಳುವುದು: ಆಮ್‌ಸ್ಟರ್‌ಡ್ಯಾಮಿನಿಂದ ನೇರ ತೋಟಕ್ಕೆ ಓಡಬೇಡಿ. ರೈಲು ಹತ್ತಿ ಮೊದಲು ಲೈಡನ್‌ಗೆ ಹೋಗಿ. ಮುಕ್ಕಾಲು ಗಂಟೆಯೂ ಬೇಡ, ಆಮೇಲೆ ಅಲ್ಲಿಂದಲೇ ತೋಟಕ್ಕೆ ಬಸ್ಸಿದೆ.

ಲೈಡನ್ ಕಾಲುವೆಗಳ ಊರು. 1575ರಿಂದ ವಿಶ್ವವಿದ್ಯಾಲಯ ಇದೆ, 1606ರಲ್ಲಿ ಚಿತ್ರಕಾರ ರೆಂಬ್ರಾಂಟ್ ಹುಟ್ಟಿದ್ದೂ ಇಲ್ಲೇ. ಬೆಳಿಗ್ಗೆ ಬೇಗ ಹೋದರೆ ಸೈಕಲ್ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಬೀದಿಯ ಗೋಡೆಯಲ್ಲಿ ಅಲ್ಲಲ್ಲಿ ತಗ್ಗು ಬಾಗಿಲುಗಳು. ತಲೆ ಬಗ್ಗಿಸಿ ಒಳಗೆ ಹೋದರೆ ಒಂದು ಅಂಗಳ, ಸುತ್ತಲೂ ಪುಟ್ಟ ಪುಟ್ಟ ಮನೆಗಳು. ಹಿಂದಿನ ಕಾಲದ ಸಿರಿವಂತರು ಗತಿಯಿಲ್ಲದ ವೃದ್ಧರಿಗಾಗಿ ಕಟ್ಟಿಸಿದ ವಸತಿಗಳು ಇವು, ಹೋಫ್ಯೆ ಅನ್ನುತ್ತಾರೆ. ಇಂದಿಗೂ ಜನ ವಾಸವಾಗಿದ್ದಾರೆ. ನಾವು ಹೋದಾಗ ಒಬ್ಬರು ಅಜ್ಜಿ ಕಿಟಕಿ ಒರೆಸುತ್ತಿದ್ದರು. ನನ್ನ ಮಗಳು “ಅಮ್ಮಾ, ಸ್ವಲ್ಪ ಮೆಲ್ಲಗೆ ಮಾತಾಡು” ಅಂದಳು. ನಮ್ಮ ಗಂಟಲು ಆ ಅಂಗಳಕ್ಕೆ ದೊಡ್ಡದೇ ಆಯಿತು ಅನ್ನಿ.

ರಾಪೆನ್‌ಬುರ್ಗ್ ಅನ್ನುವ ಕಾಲುವೆಯ ದಂಡೆಯಲ್ಲಿ ವಿಶ್ವವಿದ್ಯಾಲಯದ ಹಿಂಭಾಗಕ್ಕೆ ಒಂದು ಸಸ್ಯೋದ್ಯಾನ, 1590ರದ್ದು. ಟ್ಯೂಲಿಪ್ ಹಾಲೆಂಡಿನ ಮೂಲದ ಹೂವಲ್ಲ, ಮಧ್ಯ ಏಷ್ಯಾದ ಬೆಟ್ಟಗಾಡಿನದು. ತುರ್ಕಿ ಸುಲ್ತಾನರ ತೋಟಗಳ ಮೂಲಕ ಯುರೋಪಿಗೆ ಬಂತು. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ 1593ರಲ್ಲಿ ಲೈಡನ್‌ಗೆ ಬಂದು ಇಲ್ಲಿ ಗೆಡ್ಡೆ ನೆಟ್ಟ, ಮರುವರ್ಷ ಹೂ ಬಿಟ್ಟಿತು. ಅವನ ಕಾಲದ ಗಿಡಗಳ ಪಟ್ಟಿ ಉಳಿದಿರುವುದರಿಂದ ಆ ತೋಟವನ್ನು ಹಾಗೆಯೇ ಮತ್ತೆ ಮಾಡಿದ್ದಾರೆ. ಸಣ್ಣ ಸಣ್ಣ ಪಾತಿ, ಪಾತಿಯಲ್ಲಿ ದೂರದೂರಕ್ಕೆ ಬೆರಳೆಣಿಕೆಯ ಗಿಡ. ಗಿಡ್ಡ ಕಾಂಡ, ಚೂಪು ದಳ. ಪಕ್ಕದಲ್ಲಿ ನಿಂತಿದ್ದ ಪ್ರವಾಸಿಗರು ಒಂದು ಫೋಟೋವನ್ನೂ ತೆಗೆಯದೆ ಮುಂದೆ ಹೋದರು. ನನಗೆ ಮಾತ್ರ ಇಡೀ ದಿನದಲ್ಲಿ ಹಿಡಿಸಿದ ಹೂವು ಅದೇ.

ಮಧ್ಯಾಹ್ನ ಕ್ಯೂಕೆನ್‌ಹಾಫ್. ಹದಿನೈದನೇ ಶತಮಾನದಲ್ಲಿ ಪಕ್ಕದ ಕೋಟೆಯ ಅಡುಗೆಮನೆಗೆ ಸೊಪ್ಪು, ತರಕಾರಿ ಹೋಗುತ್ತಿದ್ದದ್ದು ಈ ಕಡೆಯಿಂದ. ಗೆಡ್ಡೆ ಬೆಳೆಗಾರರು ತಮ್ಮ ಸರಕು ತೋರಿಸುವುದಕ್ಕೆ ತೋಟ ಮಾಡಿ 1950ರಲ್ಲಿ ಜನರಿಗೆ ತೆರೆದರು. 32 ಹೆಕ್ಟೇರ್ ಜಾಗ, ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ, ನೆಡುವುದೆಲ್ಲ ಕೈಯಲ್ಲೇ. ಒಂದೇ ಪಾತಿಯಲ್ಲಿ ಮೂರು ಪದರ: ತಡವಾಗಿ ಅರಳುವ ಟ್ಯೂಲಿಪ್ ಕೆಳಗೆ, ಬೇಗ ಅರಳುವುದು ಮೇಲೆ. ಒಂದು ಮುದುಡುವ ಹೊತ್ತಿಗೆ ಇನ್ನೊಂದು ತಲೆ ಎತ್ತುತ್ತದೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಲಿಡಲು ಜಾಗವಿಲ್ಲದಷ್ಟು ಜನ. ಸಂಪಿಗೆ, ಮಲ್ಲಿಗೆಯ ಮೂಗಿನವರಿಗೆ ಇನ್ನೊಂದು ಕೊರತೆ: ಬಹುಪಾಲು ಟ್ಯೂಲಿಪ್‌ಗೆ ಹೇಳಿಕೊಳ್ಳುವಂಥ ಪರಿಮಳ ಇಲ್ಲ. ಘಮ್ಮೆನ್ನುವುದೆಲ್ಲ ಹಯಸಿಂತ್ ಅನ್ನುವ ಇನ್ನೊಂದು ಗೆಡ್ಡೆಹೂವು.

ತೋಟದ ಬೇಲಿಯಾಚೆ ರೈತರ ಹೊಲ. ನಿಜವಾದ ಸಂಗತಿ ಇರುವುದು ಅಲ್ಲಿ. ಸಮುದ್ರದ ಮರಳು ದಿಬ್ಬಗಳ ಹಿಂದಿನ ನೆಲ ಅದು. ನೀರು ನಿಲ್ಲುವುದಿಲ್ಲ, ಗೆಡ್ಡೆ ಕೊಳೆಯುವುದಿಲ್ಲ. ಕೆಂಪು, ಹಳದಿ, ನೇರಳೆ ಪಟ್ಟೆಗಳು ಕಣ್ಣು ಹಾಯುವಷ್ಟು ದೂರ. ಆ ಪಟ್ಟೆಗಳ ನಡುವೆ ಒಂದು ಯಂತ್ರ ಬರುತ್ತಿತ್ತು. ಅದು ಹಾದು ಹೋದ ಕಡೆ ಬರೀ ಹಸಿರು ಕಾಂಡ, ಹೂವೆಲ್ಲ ನೆಲದ ಮೇಲೆ! ಮೊಳಕ್ಕೆ ಇಷ್ಟು ಅಂತ ಚೌಕಾಸಿ ಮಾಡಿ ಹೂ ಕೊಳ್ಳುವ ನನಗೆ ಹೊಟ್ಟೆ ಉರಿಯಿತು. “ಅಯ್ಯೋ, ಕತ್ತರಿಸಿ ಹಾಕ್ತಿದಾರಲ್ಲೇ” ಅಂದೆ. ಈ ಹೊಲದ ಬೆಳೆ ಹೂವಲ್ಲ, ಗೆಡ್ಡೆ. ಹೂ ಕಾಯಿ ಕಟ್ಟಲು ಬಿಟ್ಟರೆ ಸತ್ವವೆಲ್ಲ ಮೇಲಕ್ಕೆ ಹೋಗುತ್ತದೆ, ಗೆಡ್ಡೆ ದಪ್ಪವಾಗುವುದಿಲ್ಲ.

ಹಾಗಾದರೆ ಅರಳಲು ಬಿಡುವುದಾದರೂ ಯಾಕೆ? ತಳಿ ಬೆರಕೆಯಾಗಿಲ್ಲ ತಾನೇ, ರೋಗವಿಲ್ಲ ತಾನೇ ಅಂತ ನೋಡಲು. ಸಾಲು ಸಾಲು ನಡೆದು ರೋಗದ ಗಿಡ ಹುಡುಕುವುದೇ ಕೆಲವರ ಕೆಲಸ. ಒಂದೇ ಬಣ್ಣದ ದಳದಲ್ಲಿ ಬಿಳಿಯ ಗೀರು ಕಂಡಿತೋ, ಆ ಗಿಡ ಗೆಡ್ಡೆಸಮೇತ ಹೊರಗೆ. ಗಿಡಹೇನು ಹರಡುವ ವೈರಸ್ಸಿನ ಗುರುತು ಅದು. 1630ರ ದಶಕದಲ್ಲಿ ಇದೇ ಊರುಗಳ ಜನ ಹುಚ್ಚು ಹಿಡಿದವರಂತೆ ಬೆಲೆ ಕಟ್ಟಿದ್ದು ಇಂಥ ಗೀರುಹೂಗಳಿಗೇ! ‘ಸೆಂಪರ್ ಆಗಸ್ಟಸ್’ ಎಂಬ ಕೆಂಪು ಬಿಳಿ ಗೀರಿನ ಟ್ಯೂಲಿಪ್‌ನ ಒಂದು ಗೆಡ್ಡೆಗೆ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಮನೆಯಷ್ಟು ಬೆಲೆ ಹೇಳುತ್ತಿದ್ದರು. ಗೀರು ರೋಗದ್ದು ಅಂತ ತಿಳಿದದ್ದು 1920ರ ದಶಕದಲ್ಲಿ. 1637ರ ಫೆಬ್ರುವರಿಯಲ್ಲಿ ಹಾರ್ಲೆಮ್ ಊರಿನಲ್ಲಿ ಕೊಳ್ಳುವವರು ಹಿಂದೆ ಸರಿದರು, ಬೆಲೆ ಬಿತ್ತು. ದೇಶವೇ ದಿವಾಳಿಯಾಯಿತು, ಜನ ಕಾಲುವೆಗೆ ಹಾರಿದರು ಅನ್ನುವ ಕಥೆಗಳಿಗೆ ಆಧಾರ ಸಿಕ್ಕಿಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ. ಹೊಡೆತ ಬಿದ್ದದ್ದು ಕೆಲವು ಹಣವಂತ ವರ್ತಕರಿಗೆ ಮಾತ್ರ.

ಅದೇ ಗೆಡ್ಡೆ ಹೊಟ್ಟೆಗೂ ಬಂದಿದೆ. 1944-45ರ ಚಳಿಗಾಲ, ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ಬರುವುದು ನಿಂತುಹೋಯಿತು. ಆಗ ಟ್ಯೂಲಿಪ್ ಗೆಡ್ಡೆಯ ನಡುವಿನ ಹಳದಿ ಮೊಳಕೆ ತೆಗೆದುಹಾಕಿ, ಉಳಿದದ್ದನ್ನು ಬೇಯಿಸಿ ತಿಂದರು. ಆ ಬರಗಾಲದಲ್ಲಿ ಸುಮಾರು 20,000 ಜನ ಸತ್ತರು.

ಹೋಗುವ ಆಲೋಚನೆ ಇದ್ದವರಿಗೆ ಎರಡು ಮಾತು. ತೋಟ ತೆರೆದಿರುವುದು ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಮಾತ್ರ, ಟ್ಯೂಲಿಪ್‌ಗೆ ಏಪ್ರಿಲ್ ಮಧ್ಯ ಸರಿಯಾದ ಹೊತ್ತು. ಟಿಕೆಟ್ ಮೊದಲೇ ಕಾಯ್ದಿರಿಸಿ, ಗಾಳಿ ತಡೆಯುವ ಕೋಟು ಒಯ್ಯಿರಿ. ಹೊಲದೊಳಗೆ ಇಳಿದು ಫೋಟೋ ತೆಗೆಸಿಕೊಳ್ಳಬೇಡಿ. ಕಾಲಿಗಂಟಿದ ಮಣ್ಣಿನಲ್ಲೂ ರೋಗ ಹರಡುತ್ತದೆ, ರೈತರಿಗೆ ಸಿಟ್ಟು ಬರುತ್ತದೆ. ಇನ್ನು ಗೆಡ್ಡೆ ಕೊಂಡು ತರುವ ಆಸೆ. ಸಸ್ಯ ಆರೋಗ್ಯದ ಪ್ರಮಾಣಪತ್ರ, ಪರವಾನಗಿ ಇಲ್ಲದೆ ತರುವ ಹಾಗಿಲ್ಲ. ಕಾನೂನು ಪ್ರಕಾರ ಸಿಕ್ಕರೂ ಬೆಂಗಳೂರಿನ ಚಳಿ ಟ್ಯೂಲಿಪ್‌ಗೆ ಸಾಲದು. ಮೂರು ತಿಂಗಳಾದರೂ ಫ್ರಿಜ್ಜಿನಲ್ಲಿ ಇಡಬೇಕು. ಅದರ ಪಕ್ಕ ಸೇಬು, ಬಾಳೆಹಣ್ಣು ಇಡಬೇಡಿ. ಹಣ್ಣು ಬಿಡುವ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಅಲ್ಲೇ ಕಮರಿಹೋಗುತ್ತದೆ.

ನಮಸ್ಕಾರ.