ವಸ್ತಿ ಬಸ್ಸು ಮತ್ತು ಕಾಲೇಜಿನ ಗಂಟೆ

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಸದ್ದು ಜಾಸ್ತಿ ಇದೆ, ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ. ನಡುವೆ ಎದ್ದು ಹೋಗುವವರು ಹಿಂದಿನ ಬಾಗಿಲಿಂದ ಹೋಗಬಹುದು, ನನಗೆ ಬೇಜಾರಿಲ್ಲ. ಸಂಜೆ ಬಸ್ಸು ತಪ್ಪಿದರೆ ಏನಾಗುತ್ತದೆ ಅಂತ ನನಗೂ ಗೊತ್ತು.

ಶುರುವಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ವಸ್ತಿ ಬಸ್ಸಿಗೆ ಬರುವವರು ಎಷ್ಟು ಜನ? ನೋಡಿ, ಅರ್ಧ ಸಭೆ ಕೈ ಎತ್ತಿತು. ವೇದಿಕೆ ಮೇಲಿರುವ ನಾವು ಯಾರೂ ಎತ್ತಲಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿದ್ದೆಲ್ಲ ಈ ಎರಡರ ನಡುವೆಯೇ ಇದೆ.

ಪೇಟೆಯವರಿಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ರಾತ್ರಿ ಹಳ್ಳಿಯಲ್ಲೇ ತಂಗಿ, ನಸುಕಿನಲ್ಲಿ ಅಲ್ಲಿಂದಲೇ ಹೊರಡುವ ಬಸ್ಸು ಅದು. ಡ್ರೈವರು, ಕಂಡಕ್ಟರು ಊರ ಗುಡಿಯ ಕಟ್ಟೆ ಮೇಲೋ ಬಸ್ಸಿನೊಳಗೋ ಮಲಗುತ್ತಾರೆ. ಕಮ್ಯುನಿಟಿ ಕಾಲೇಜಿನ ಬಗ್ಗೆ ಮಾತಾಡಿ ಅಂತ ಕರೆದಾಗ ನನಗೆ ಮೊದಲು ನೆನಪಾಗಿದ್ದು ಆ ಬಸ್ಸು. ಜನ ಇರುವಲ್ಲಿಗೆ ಹೋಗಿ ನಿಲ್ಲುವ ಕಾಲೇಜು. ಕನ್ನಡದಲ್ಲಿ ಸಮುದಾಯ ಕಾಲೇಜು ಅಂತಾರೆ. ನಾನು ಎರಡನ್ನೂ ಬಳಸುತ್ತೇನೆ, ಬಾಯಿಗೆ ಬಂದ ಹಾಗೆ.

ನನ್ನದೇ ಒಂದು ಕಥೆ ಹೇಳಬೇಕು. 1981ರಲ್ಲಿ ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಪ್ಪನಿಗೆ ಲಕ್ವಾ ಹೊಡೆಯಿತು. ನಾನು ಓದು ಬಿಟ್ಟು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಆಗ ಕಂಪ್ಯೂಟರ್ ಇಲ್ಲ. ಒಂದೊಂದೇ ಅಕ್ಷರದ ಸೀಸದ ಮೊಳೆ ಆರಿಸಿ ಸಾಲು ಕಟ್ಟಬೇಕು. ಮೂರು ವರ್ಷ ಆದ ಮೇಲೆ ಮನೆ ಸ್ವಲ್ಪ ಸುಧಾರಿಸಿತು. ವಾಪಸ್ ಕಾಲೇಜಿಗೆ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತರು ಕೇಳಿದರು: "ಮೂರು ವರ್ಷ ಗ್ಯಾಪ್ ಐತಲ್ಲೋ ತಮ್ಮಾ, ಏನ್ ಮಾಡ್ತಿದ್ದಿ?" ಬಾಂಡ್ ಪೇಪರ್ ಮೇಲೆ ಅಫಿಡವಿಟ್ ತಾ ಅಂದರು. ತಂದೆ. ಇನ್ನೊಂದು ಕಾಗದ ಅಂದರು. ಅದನ್ನೂ ತಂದೆ. ಅಷ್ಟರಲ್ಲಿ ಕೊನೇ ದಿನ ಮುಗಿದಿತ್ತು.

ಗ್ಯಾಪ್ ಅಂತೆ! ಆ ಮೂರು ವರ್ಷ ನಾನು ದಿನಕ್ಕೆ ಹತ್ತು ತಾಸು ಕನ್ನಡ ಓದಿದ್ದೆ. ಅದೂ ಉಲ್ಟಾ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದಲ್ವಾ? ಕಾಗುಣಿತದ ತಪ್ಪನ್ನು ಹಿಂದುಮುಂದಾಗಿ ಹಿಡಿಯುತ್ತಿದ್ದೆ. ಆದರೆ ಅದನ್ನು ಬರೆಯಲು ಆ ಫಾರ್ಮಿನಲ್ಲಿ ಜಾಗ ಇರಲಿಲ್ಲ. ಕೊನೆಗೆ ಪರೀಕ್ಷೆಗಳನ್ನೆಲ್ಲ ಹೊರಗಿನಿಂದಲೇ ಕಟ್ಟಿ, ಬಿ.ಎ. ಆಗಿ, ಎಂ.ಎ. ಆಗಿ, ಮೇಷ್ಟರೂ ಆದೆ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದೆ. ಹಾಜರಿ ಕಡಿಮೆ ಇದೆ ಅಂತ ಎಷ್ಟೋ ಹುಡುಗರ ಹೆಸರಿನ ಮುಂದೆ ಕೆಂಪು ಗೆರೆ ಎಳೆದವನೂ ನಾನೇ. ಅದನ್ನು ಮುಚ್ಚಿಡುವುದಿಲ್ಲ.

ನಿವೃತ್ತಿ ಆದ ಮೇಲೆ ತಂಗಿ ಮಗಳ ಮನೆಗೆ, ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಧಾರವಾಡದಲ್ಲಿ ಬಿ.ಎ. ಮಾಡಿದ ಹುಡುಗಿ. ಮದುವೆಯಾಗಿ ಅಲ್ಲಿಗೆ ಹೋಗಿ ಹತ್ತು ವರ್ಷ ಮನೆಯಲ್ಲಿದ್ದಳು. ಮೂವತ್ನಾಲ್ಕಕ್ಕೆ ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್‌ಗೆ ಸೇರಿದ್ದಳು. ಒಂದು ಸಂಜೆ ಅವಳ ಜೊತೆ ಹೋಗಿ ಮೇಷ್ಟರ ಅನುಮತಿ ಕೇಳಿ ಹಿಂದಿನ ಬೆಂಚಿನಲ್ಲಿ ಕೂತೆ. ಪಾಠ ಶುರುವಾಗಿದ್ದು ಸಂಜೆ ಆರೂವರೆಗೆ. ಒಂದು ಕಡೆ ಐವತ್ತು ದಾಟಿದ ಲಾರಿ ಡ್ರೈವರು. ಇನ್ನೊಂದು ಕಡೆ ಇನ್ನೂ ಹೈಸ್ಕೂಲು ಮುಗಿಸದ ಹುಡುಗ. ಅಲ್ಲಿ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಒಂದೆರಡು ವಿಷಯ ಓದಬಹುದು. ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದ ಒಬ್ಬಾಕೆ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು, ಪಾಠದ ನಡುವೆ! ನನ್ನ ಕೈ ತಾನಾಗಿಯೇ ಸೀಮೆಸುಣ್ಣ ಹುಡುಕಿತು. "ಮಾಮಾ, ಸುಮ್ನ ಕೂಡ್ರಿ," ಅಂದಳು ಹುಡುಗಿ. ಬರುವಾಗ ಕಾರಿನಲ್ಲಿ ಹೇಳಿದಳು: "ಇಲ್ಲಿ ಯಾರೂ ಈ ವಯಸ್ಸಿನಾಗ ಯಾಕ ಅಂತ ಕೇಳಂಗಿಲ್ರಿ ಮಾಮಾ."

ಈ ವ್ಯವಸ್ಥೆ ಒಂದೇ ದಿನದಲ್ಲಿ ಬಂದಿದ್ದಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಲ್ಲಿ ಮೊದಲ ಜೂನಿಯರ್ ಕಾಲೇಜು ಹುಟ್ಟಿತು. ಹೈಸ್ಕೂಲಿನ ಕಟ್ಟಡ, ಆರೇ ಆರು ವಿದ್ಯಾರ್ಥಿಗಳು. ಮನೆ ಬಿಟ್ಟು ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾಗದವರು ಮೊದಲ ಎರಡು ವರ್ಷ ತಮ್ಮೂರಲ್ಲೇ ಓದಲಿ ಅನ್ನುವುದು ಲೆಕ್ಕ. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ ವರದಿ ಬಂದ ಮೇಲೆ ಕಮ್ಯುನಿಟಿ ಕಾಲೇಜು ಎಂಬ ಹೆಸರು ದೇಶಕ್ಕೆಲ್ಲ ಹರಡಿತು. ಅದೇ 1947ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು. ಎರಡು ವರ್ಷಕ್ಕೆ ಕರ್ನಾಟಕ ವಿಶ್ವವಿದ್ಯಾಲಯ ಬಂತು. ನಾವೂ ಹಿಂದೆ ಬಿದ್ದವರೇನಲ್ಲ. ಆದರೆ ನಾವು ಕಟ್ಟಿದ್ದೆಲ್ಲ ಮೇಲಿನ ಮಹಡಿ. ಮೆಟ್ಟಿಲು ಮರೆತೆವು.

ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ ಕಾಲೇಜುಗಳು 116 ಇವೆ. ಓದಿನ ಅಳತೆಗೆ ಅಲ್ಲಿ ಯೂನಿಟ್ ಅಂತಾರೆ. ಆ ರಾಜ್ಯದ ನಿವಾಸಿಗೆ ಒಂದು ಯೂನಿಟ್‌ಗೆ ಫೀ 46 ಡಾಲರ್. ಸಾಮಾನ್ಯವಾಗಿ ಒಂದು ವಿಷಯ ಅಂದರೆ ಮೂರು ಯೂನಿಟ್. 60 ಯೂನಿಟ್ ಸೇರಿದರೆ ಎರಡು ವರ್ಷದ ಅಸೋಸಿಯೇಟ್ ಪದವಿ. ಅಲ್ಲಿಗೆ ನಿಲ್ಲಬಹುದು, ಕೆಲಸಕ್ಕೆ ಹೋಗಬಹುದು. ಇಲ್ಲಾ, ಆ ಯೂನಿಟ್‌ಗಳನ್ನು ಕಟ್ಟಿಕೊಂಡು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ಪೂರ್ತಿ ಹೊತ್ತಿನ ವಿದ್ಯಾರ್ಥಿ ಅನ್ನಿಸಿಕೊಳ್ಳಲು ಸೆಮಿಸ್ಟರಿಗೆ 12 ಯೂನಿಟ್ ಬೇಕು. ಕೆಲಸ ಮಾಡುವವರು ಮೂರೋ ಆರೋ ತೆಗೆದುಕೊಂಡು ನಿಧಾನಕ್ಕೆ ಓದುತ್ತಾರೆ. ಯಾರಿಗೂ ಅವಸರ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಒಂದು ಅಕ್ಷರ. ಡಬ್ಲ್ಯೂ. ಸೆಮಿಸ್ಟರ್ ಶುರುವಾಗಿ ಒಂದೆರಡು ವಾರದಲ್ಲಿ ವಿಷಯ ಬಿಟ್ಟರೆ ಗುರುತೂ ಉಳಿಯುವುದಿಲ್ಲ. ಅದಾದ ಮೇಲೆ, ಕೊನೇ ಗಡುವಿನೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಅಂತ ಬರುತ್ತದೆ. ಅಂದರೆ ಈತ ಬಿಟ್ಟ, ಫೇಲಾಗಿಲ್ಲ. ಸರಾಸರಿ ಅಂಕಕ್ಕೆ ಅದು ತಟ್ಟುವುದಿಲ್ಲ. ನಮ್ಮಲ್ಲಿ ಬಿಟ್ಟವನಿಗೂ ಫೇಲಾದವನಿಗೂ ಒಂದೇ ಗತಿ, ಅಲ್ವಾ? ಅಪ್ಪನ ಹಾಸಿಗೆ ಪಕ್ಕ ಕೂತವನೂ ಸಿನಿಮಾ ಥೇಟರಿನಲ್ಲಿ ಕೂತವನೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ. ಹಾಗಂತ ಅಲ್ಲಿ ಬೇಕಾಬಿಟ್ಟಿ ಏನೂ ಇಲ್ಲ. ಡಬ್ಲ್ಯೂ ಜಾಸ್ತಿಯಾದರೆ ಎಚ್ಚರಿಕೆ ಪಟ್ಟಿಗೆ ಸೇರಿಸುತ್ತಾರೆ. ನಾಲ್ಕಕ್ಕೆ ಎರಡು ಸರಾಸರಿಗಿಂತ ಕೆಳಗೆ ಇಳಿದರೂ ಅಷ್ಟೇ. ಆಗ ಸಲಹೆಗಾರರು ಕರೆದು ಕೂರಿಸಿ ಕೇಳುತ್ತಾರೆ, ಏನಾಯಿತು ಅಂತ. ಹಾಜರಿ ಎಷ್ಟು ಬೇಕು, ತಡವಾದ ಅಸೈನ್‌ಮೆಂಟಿಗೆ ಎಷ್ಟು ಕಡಿತ ಅನ್ನುವುದನ್ನು ಪ್ರತಿ ಮೇಷ್ಟರೂ ಮೊದಲ ದಿನವೇ ಕಾಗದದ ಮೇಲೆ ಕೊಡುತ್ತಾರೆ. ಅದನ್ನೇ ಸಿಲೆಬಸ್ ಅನ್ನುತ್ತಾರೆ. ನಮ್ಮಲ್ಲಿ ಸಿಲೆಬಸ್ ಅಂದರೆ ಪಾಠದ ಪಟ್ಟಿ. ಅಲ್ಲಿ ಅದು ಮೇಷ್ಟರಿಗೂ ಹುಡುಗರಿಗೂ ಆದ ಕರಾರು.

ಹೊಗಳಿದ್ದು ಸಾಕು. ಅಲ್ಲಿ ಸೋತದ್ದೂ ಇದೆ. ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ನೂರಕ್ಕೆ ಸುಮಾರು 80 ಜನರಿಗೆ ಮುಂದೆ ಪೂರ್ತಿ ಪದವಿ ಮಾಡುವ ಆಸೆ ಇರುತ್ತದೆ. ಆರು ವರ್ಷದಲ್ಲಿ ಅದನ್ನು ಮುಟ್ಟುವವರು 20 ಕೂಡ ಆಗುವುದಿಲ್ಲ. ಬಾಗಿಲು ತೆರೆದಿದೆ, ಒಳಗೆ ಬಂದವರು ಎಲ್ಲೋ ದಾರಿ ತಪ್ಪುತ್ತಾರೆ. ಒಂದು ಕಾರಣ, ಶುರುವಿನಲ್ಲೇ ಪರೀಕ್ಷೆ ಇಟ್ಟು, ಗಣಿತ ಇಂಗ್ಲಿಷು ಕಚ್ಚಾ ಇದೆ ಅಂತ ಕೆಳಗಿನ ತರಗತಿಗೆ ಹಾಕುತ್ತಿದ್ದರು. ಅದಕ್ಕೆ ಫೀ ಇತ್ತು, ಪದವಿಯ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ. ಹುಡುಗರು ಅಲ್ಲೇ ಬೇಸತ್ತು ಬಿಡುತ್ತಿದ್ದರು. 2017ರಲ್ಲಿ ಕ್ಯಾಲಿಫೋರ್ನಿಯಾ ಎಬಿ 705 ಎಂಬ ಕಾನೂನು ತಂದಿತು. ಹೈಸ್ಕೂಲಿನ ಅಂಕ ನೋಡಿ ನೇರವಾಗಿ ಕಾಲೇಜು ಮಟ್ಟದ ತರಗತಿಗೇ ಸೇರಿಸಿ, ಜೊತೆಗೆ ಹೆಚ್ಚಿನ ಸಹಾಯ ಕೊಡಿ ಎಂದಿತು. ಕಚ್ಚಾ ಇದ್ದವರಿಗೆ ಮೊದಲು ತಳಪಾಯ ಹಾಕಲು ಬ್ರಿಡ್ಜ್ ಕೋರ್ಸ್ ನಡೆಸುವ ನಮ್ಮ ಮೇಷ್ಟರುಗಳು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ನಮ್ಮ ದೇಶ. 1995ರಲ್ಲಿ ಪಾಂಡಿಚೇರಿ, 1996ರಲ್ಲಿ ಮದ್ರಾಸು. ಮೊದಲ ಸಮುದಾಯ ಕಾಲೇಜುಗಳು ಅಲ್ಲಿ ಬಂದವು. ಶಾಲೆ ಬಿಟ್ಟವರು, ಬಡವರು, ಹೆಣ್ಣುಮಕ್ಕಳು ಇವರಿಗಾಗಿ. 2013ರಲ್ಲಿ ಯುಜಿಸಿ, ಅಂದರೆ ದೇಶದ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಆಯೋಗ, ತನ್ನದೇ ಯೋಜನೆ ತಂದಿತು. ಇದ್ದ ಕಾಲೇಜಿನೊಳಗೇ ಹೊಸ ಕೋರ್ಸು. ಓದಿನ ಅಳತೆಗೆ ಇಲ್ಲಿ ಕ್ರೆಡಿಟ್ ಅಂತಾರೆ. ಆರು ತಿಂಗಳಿಗೆ 30 ಕ್ರೆಡಿಟ್, ಸರ್ಟಿಫಿಕೇಟ್. ಒಂದು ವರ್ಷಕ್ಕೆ 60, ಡಿಪ್ಲೊಮಾ. ಎರಡು ವರ್ಷಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ. ನೂರರಲ್ಲಿ 60 ಪಾಲು ಕೈಕೆಲಸ, 40 ಪಾಲು ಸಾಮಾನ್ಯ ಓದು. ಮಾರನೇ ವರ್ಷ ಮೂರು ವರ್ಷದ ಬಿ.ವೋಕ್. ಎಂಬ ವೃತ್ತಿ ಪದವಿ ಬಂತು. ಕಾಗದದ ಮೇಲೆ ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿದೆ. ಆದರೆ ಹೆಚ್ಚಿನ ಕಡೆ ಆ ಕೋರ್ಸೂ ಹತ್ತು ಗಂಟೆಯಿಂದ ಐದರ ತನಕ ನಡೆಯಿತು! ಕೆಲಸ ಮಾಡುವವನಿಗೆ ಅಂತ ತಂದ ಕೋರ್ಸು ಕೆಲಸದ ಹೊತ್ತಿನಲ್ಲೇ. ಗಾಣದ ಎತ್ತಿಗೆ ಗಾಣ ಬಿಟ್ಟು ಬಾ ಅಂದ ಹಾಗೆ.

ನಮ್ಮಲ್ಲಿ ಏಣಿ ಇಲ್ಲವೇ ಇಲ್ಲ ಅಂತಲ್ಲ. ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ. 2021ರಲ್ಲಿ ಕ್ರೆಡಿಟ್ ಬ್ಯಾಂಕ್ ಶುರುವಾಯಿತು. ಗಳಿಸಿದ ಕ್ರೆಡಿಟ್ ಪಾಸ್‌ಬುಕ್ಕಿನಲ್ಲಿ ದುಡ್ಡು ಇದ್ದ ಹಾಗೆ ಹೆಚ್ಚೆಂದರೆ ಏಳು ವರ್ಷ ಉಳಿಯುತ್ತದೆ. 1981ರಲ್ಲಿ ಇದು ಇದ್ದಿದ್ದರೆ! ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷ ಆಯಿತು. ಯಾವುದು ಸರಿ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ನನ್ನ ಪ್ರಶ್ನೆ ಒಂದೇ. ಮೂರೋ ನಾಲ್ಕೋ, ನಡುವೆ ಬಿಟ್ಟು ಹೋದ ಹುಡುಗಿ ವಾಪಸ್ ಬಂದರೆ ಕಿಟಕಿಯ ಹಿಂದೆ ಕೂತವರು ಏನು ಕೇಳುತ್ತಾರೆ?

ಕೋರ್ಸುಗಳ ವಿಷಯ. ಎಲ್ಲ ಕಡೆ ಅದೇ ಟ್ಯಾಲಿ, ಅದೇ ಬ್ಯೂಟಿ ಪಾರ್ಲರು, ಅದೇ ಮೊಬೈಲ್ ರಿಪೇರಿ. ಬೇಡ ಅಂತಲ್ಲ. ಆದರೆ ರಾಣೆಬೆನ್ನೂರಿನ ಕಡೆ ಹೋಗಿ ನೋಡಿ. ಹೈಬ್ರಿಡ್ ಬೀಜದ ಹೊಲದಲ್ಲಿ ಹೆಣ್ಣುಮಕ್ಕಳು ಟೊಮೆಟೊ, ಮೆಣಸಿನ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ಕ್ರಾಸಿಂಗ್ ಕೆಲಸ ಅಂತಾರೆ. ಯಾವ ಮೊಗ್ಗು ನಾಳೆ ಅರಳುತ್ತದೆ ಅಂತ ಅವರಿಗೆ ನೋಡಿದರೇ ಗೊತ್ತು. ಬಿ.ಎಸ್ಸಿ. ಹುಡುಗರು ಪುಸ್ತಕದಲ್ಲಿ ಚಿತ್ರ ಬರೆದು ಕಲಿಯುವುದನ್ನು ಅವರು ದಿನಕ್ಕೆ ನೂರಾರು ಸಲ ಮಾಡುತ್ತಾರೆ. ಅವರ ಕೈಗೆ ಕ್ರೆಡಿಟ್ ಕೊಟ್ಟು, ಮೇಲೆ ಸ್ವಲ್ಪ ಸಸ್ಯಶಾಸ್ತ್ರ, ಸ್ವಲ್ಪ ಲೆಕ್ಕ ಕಲಿಸಿದರೆ ಡಿಪ್ಲೊಮಾ ಆಗುವುದಿಲ್ಲವೇ? ಮೊದಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಸರ್ಕಾರದ ಕೌಶಲ ಯೋಜನೆಯಲ್ಲಿ ಆಗಲೇ ಇದೆ. ಅದು ಕಾಲೇಜಿನ ಗೇಟು ದಾಟಿ ಒಳಗೆ ಬರಬೇಕು ಅಷ್ಟೇ.

ಬ್ಯಾಡಗಿಯೂ ಹಾಗೇ. ಅಲ್ಲಿನ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದ ಅಲ್ಲ, ಬಣ್ಣದಿಂದ. ಆ ಬಣ್ಣ ತೆಗೆಯುವ ಕಾರ್ಖಾನೆ ಇದೆ, ಸಾಲು ಸಾಲು ಕೋಲ್ಡ್ ಸ್ಟೋರೇಜ್ ಇವೆ. ತೇವ ಎಷ್ಟು, ಬಣ್ಣ ಎಷ್ಟು ಅಂತ ಅಳೆಯುವವರು ಬೇಕು. ನಮ್ಮ ಗದಗಿನಲ್ಲಿ ಪ್ರೆಸ್ಸುಗಳಿವೆ, ಬೆಟಗೇರಿಯಲ್ಲಿ ಮಗ್ಗಗಳಿವೆ, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಪಠ್ಯಪುಸ್ತಕ ಬೆಂಗಳೂರಿನಿಂದ ಬರಲಿ, ಪ್ರಯೋಗಶಾಲೆ ಇಲ್ಲೇ ಇದೆಯಲ್ಲ.

ಕ್ಯಾಂಪಸ್ ಜೀವನದ ಬಗ್ಗೆಯೂ ಹೇಳಿ ಅಂದಿದ್ದರು. ಗ್ಯಾದರಿಂಗ್, ಎನ್‌ಎಸ್‌ಎಸ್ ಶಿಬಿರ, ಗೇಟಿನ ಮುಂದಿನ ಗಿರ್ಮಿಟ್ಟು, ಮಿರ್ಚಿ. ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಒಂದು ಮಾತ್ರ ಹೇಳುತ್ತೇನೆ. ಬಸ್ಸಿನಲ್ಲಿ ಬರುವ ಹುಡುಗ ಹುಡುಗಿಯರಿಗೆ ಕ್ಯಾಂಪಸ್ ಜೀವನ ಅಂದರೆ ಬಸ್‌ಸ್ಟ್ಯಾಂಡೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು, ಒಳ್ಳೆಯದೇ. ಆದರೆ ಟಿಕೆಟ್ ಫ್ರೀ ಆದರೂ ಬಸ್ಸಿನ ಟೈಮ್ ಬದಲಾಗಲಿಲ್ಲ. ಏಳಕ್ಕೇ ಬಂದಿಳಿದವರು ಹತ್ತರ ತನಕ ಎಲ್ಲಿ ಕೂರಬೇಕು? ಲೈಬ್ರರಿ ತೆರೆಯುವುದು ಹತ್ತೂವರೆಗೆ. ಸಂಜೆ ಬಸ್ಸು ಹಿಡಿಯಲು ಕೊನೇ ಪಿರಿಯಡ್ ಬಿಟ್ಟು ಓಡಬೇಕು. ಅಲ್ಲಿ ಹಾಜರಿ ಹೋಯಿತು. ಉಳ್ಳಾಗಡ್ಡಿ ಕೀಳುವಾಗ ಹದಿನೈದು ದಿನ ಹೋಯಿತು. ಪರೀಕ್ಷೆಗೆ ಕೂರಲು ಬೇಕಾದ ನೂರಕ್ಕೆ 75 ಹಾಜರಿ ಎಲ್ಲಿಂದ ಬರಬೇಕು? ನಾನು ಕೆಂಪು ಗೆರೆ ಎಳೆದ ಹೆಸರುಗಳಲ್ಲಿ ಎಷ್ಟು ಜನ ಈ ಲೆಕ್ಕದವರೋ. ಆಗ ಕೇಳಲಿಲ್ಲ.

ಲೈಬ್ರರಿ ಏಳಕ್ಕೆ ತೆರೆಯಲು ಹೊಸ ಕಾನೂನು ಬೇಕಿಲ್ಲ. ಒಬ್ಬ ಸಿಬ್ಬಂದಿಯ ಪಾಳಿ ಬದಲಾದರೆ ಸಾಕು. ಕೊನೇ ಪಿರಿಯಡ್ ಅರ್ಧ ತಾಸು ಮೊದಲೇ ಮುಗಿಸಲು ಯಾವ ಆಯೋಗವೂ ಬೇಕಿಲ್ಲ. ಪ್ರಾಂಶುಪಾಲರು ಇಲ್ಲೇ ಇದ್ದಾರೆ, ಬರುವ ಮೊದಲು ಅವರ ಜೊತೆ ಚಹಾ ಕುಡಿಯುತ್ತಾ ಮಾತಾಡಿದ್ದೇನೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಬರೆದು ಕೊಡಿ, ನೋಡೋಣ ಅಂದರು.

ಅದಕ್ಕೇ ಬಾಗಿಲ ಹತ್ತಿರ ಟೇಬಲ್ ಮೇಲೆ ಚೀಟಿ ಇಟ್ಟಿದ್ದೇವೆ. ಹೆಸರು ಬೇಡ. ನಿಮ್ಮ ಊರು, ಬೆಳಗಿನ ಬಸ್ಸು ಎಷ್ಟಕ್ಕೆ ಇಲ್ಲಿ ಮುಟ್ಟುತ್ತದೆ, ಸಂಜೆ ಎಷ್ಟಕ್ಕೆ ಹೊರಡುತ್ತದೆ, ಯಾವ ತಿಂಗಳು ಹೊಲದ ಕೆಲಸ ಜಾಸ್ತಿ. ಇಷ್ಟೇ ನಾಲ್ಕು ಸಾಲು ಬರೆದು ಡಬ್ಬಿಗೆ ಹಾಕಿ. ನಾಡಿದ್ದು ಸೋಮವಾರ ನಾನೇ ಕೂತು ಪಟ್ಟಿ ಮಾಡುತ್ತೇನೆ. ಮೊಳೆ ಜೋಡಿಸಿದ ಕೈ, ಬೇಜಾರಾಗುವುದಿಲ್ಲ. ಪೆನ್ನು ಇಲ್ಲದವರು ಇಲ್ಲಿ ಬನ್ನಿ, ನನ್ನ ಜೇಬಿನಲ್ಲಿ ಎರಡಿವೆ.