ತಟಸ್ಥರಂತೆ! ಮೊದಲು ಲೆಕ್ಕ ತೋರಿಸಿ

ನಮಸ್ಕಾರ್ರಿ, ಕಲಬುರಗಿಯಿಂದ. ಆಡಿಯೋ ಸರಿ ಬರಲಿ ಅಂತ ಫ್ಯಾನ್ ಆಫ್ ಮಾಡಿದ್ದೇನೆ. ಬೆವರು ಕಂಡರೆ ಹೆದರಿದ್ದಾನೆ ಅಂದ್ಕೋಬೇಡಿ.

ಕಳೆದ ವಿಡಿಯೋ ಕೆಳಗೆ ಒಬ್ಬ ಅಣ್ಣ ಬರೆದಿದ್ದಾರೆ: 'ತೊಗರಿ ರೇಟು ಮಾತಾಡು ತಮ್ಮಾ, ಉಕ್ರೇನ್ ನಿನಗ್ಯಾಕೆ? ನಮ್ಮ ದೇಶ ತಟಸ್ಥ.' ನನ್ನ ವಿಡಿಯೋಗಿಂತ ಅದಕ್ಕೇ ಲೈಕ್ ಜಾಸ್ತಿ!

ಸರಿ ಅಣ್ಣ, ತಟಸ್ಥ. ಲೆಕ್ಕ ಎಲ್ಲಿ? ಯಾರಿಂದ ಕೊಂಡಿರಿ, ಯಾರಿಗೆ ಮಾರಿದಿರಿ, ಯಾವಾಗ ಬಾಯಿ ಮುಚ್ಚಿಕೊಂಡಿರಿ? ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಅಡತಿ ದಲ್ಲಾಳಿಯೂ 'ನಾನು ಯಾರ ಕಡೆಯೂ ಅಲ್ಲ' ಅಂತಾನೆ. ಕಮಿಷನ್ ಮಾತ್ರ ತಪ್ಪದೆ ಎಣಿಸಿಕೊಳ್ತಾನೆ.

ಸ್ವಿಟ್ಜರ್ಲೆಂಡ್ ನೋಡಿ. 1815ರಿಂದ ತಟಸ್ಥ. ಎರಡನೇ ಮಹಾಯುದ್ಧದಲ್ಲಿ ಅವರ ರಾಷ್ಟ್ರೀಯ ಬ್ಯಾಂಕ್ ನಾಜಿಗಳಿಂದ ಚಿನ್ನ ಕೊಂಡಿತು. ಅದರಲ್ಲಿ ಲೂಟಿ ಚಿನ್ನವೂ ಇತ್ತು. ಸ್ವೀಡನ್ ಹಿಟ್ಲರ್‌ಗೆ ಕಬ್ಬಿಣದ ಅದಿರು ಮಾರಿತು, 1943ರಲ್ಲಿ ಡೆನ್ಮಾರ್ಕಿನ ಸುಮಾರು 7 ಸಾವಿರ ಯಹೂದಿಗಳಿಗೆ ಜಾಗವನ್ನೂ ಕೊಟ್ಟಿತು. ಎರಡನ್ನೂ ಬರೆದುಕೊಳ್ಳಿ. ಲೆಕ್ಕ ಅಂದ್ರೆ ಅದೇ.

ಇದೇ ಸ್ವಿಸ್‌ನವರು 2022ರಲ್ಲಿ ರಷ್ಯಾ ಮೇಲೆ ಯುರೋಪ್ ಒಕ್ಕೂಟದ ನಿರ್ಬಂಧಗಳನ್ನೇ ಹಾಕಿದರು. ಆದರೆ ಜರ್ಮನಿ ಕೊಂಡಿಟ್ಟಿದ್ದ ಸ್ವಿಸ್ ಮದ್ದುಗುಂಡು ಉಕ್ರೇನ್‌ಗೆ ಹೋಗಲು ಬಿಡಲಿಲ್ಲ. ಸ್ವೀಡನ್‌ಗೆ ತಟಸ್ಥ ಇದ್ದದ್ದು ಸಾಕಾಯಿತು, 2024ರಲ್ಲಿ ಅಮೆರಿಕ-ಯುರೋಪ್ ದೇಶಗಳ ಸೇನಾ ಕೂಟ ನ್ಯಾಟೋ ಸೇರಿತು.

ಈಗ ನಮ್ಮದು. 2022ರ ಮಾರ್ಚ್ 1. ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ಸತ್ತ. ಮರುದಿನವೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಉಕ್ರೇನ್ ಮೇಲಿನ ದಾಳಿಗೆ ರಷ್ಯಾ ವಿರುದ್ಧ ನಿರ್ಣಯ. 141 ದೇಶ ಪರ, 5 ವಿರೋಧ, 35 ದೇಶ ಯಾವ ಕಡೆಗೂ ಮತ ಹಾಕದೆ ದೂರ. ನಾವು ಆ 35ರಲ್ಲಿ.

'ನಮ್ಮ ಸಾವಿರಾರು ವಿದ್ಯಾರ್ಥಿಗಳು ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದರು' ಅಂತೀರಿ. ಆ ವಾರಕ್ಕೆ ಒಪ್ಪಿದೆ. ಆಮೇಲೆ?

'ಅಗ್ಗದ ತೈಲ ಬೇಡವಾ?' ಬೇಕ್ರಿ! ಯುದ್ಧಕ್ಕೆ ಮುಂಚೆ ನಾವು ತರಿಸುತ್ತಿದ್ದ ಕಚ್ಚಾ ತೈಲದಲ್ಲಿ ರಷ್ಯಾದ್ದು ಚಿಟಿಕೆಯಷ್ಟು. 2023ಕ್ಕೆ ಹೆಚ್ಚು ಕಡಿಮೆ ಮೂರನೇ ಒಂದು ಭಾಗ, ಅದೂ ರಿಯಾಯಿತಿಯಲ್ಲಿ. 2022ರ ಮೇನಲ್ಲಿ ಒಮ್ಮೆ ರೇಟು ಇಳಿದಮೇಲೆ, ಮತ್ತೆ ಬಂಕಿನಲ್ಲಿ 2 ರೂಪಾಯಿ ಇಳಿಯೋಕೆ 2024ರ ಮಾರ್ಚ್ ಬರಬೇಕಾಯಿತು. ಚುನಾವಣೆಗೆ ಮುಂಚೆ, ಎಂಥ ಕಾಕತಾಳೀಯ! ಆ ನಡುವಿನ ರಿಯಾಯಿತಿ ಯಾರ ಜೇಬಿಗೆ ಹೋಯಿತು? ಲೆಕ್ಕ!

'ಯುರೋಪಿನವರೂ ರಷ್ಯಾ ಗ್ಯಾಸ್ ಕೊಂಡರಲ್ಲ?' ಕೊಂಡರು. ಅವರ ಚೀಟಿಯೂ ಟೇಬಲ್ ಮೇಲೆ ಬರಲಿ. ಪಕ್ಕದ ಮನೆಯವನು ಬಾಕಿ ಇಟ್ಟಿದ್ದಾನೆ ಅಂತ ನಿಮ್ಮ ಬಾಕಿ ಮನ್ನಾ ಆಗುತ್ತಾ?

ಸಬ್‌ಸ್ಕ್ರೈಬ್ ಮಾಡಿದ್ರಾ? ಮಾಡಿ, ಸುಮ್ನೆ ನೋಡ್ತಾ ಕೂತಿದ್ದೀರಿ.

'ಉಕ್ರೇನ್ ನಿನಗ್ಯಾಕೆ' ಅಂತ ಕೇಳಿದ ಅಣ್ಣ, ನಮ್ಮ ಜಿಲ್ಲೆಯ ಹುಡುಗರಿಗೆ ಸೆಕ್ಯುರಿಟಿ ಕೆಲಸ ಅಂತ ಹೇಳಿ ಏಜೆಂಟರು ರಷ್ಯಾಕ್ಕೆ ಕಳಿಸಿದರು. ಹೋಗಿ ಸಿಕ್ಕಿಹಾಕಿಕೊಂಡದ್ದು ಯುದ್ಧಭೂಮಿಯಲ್ಲಿ. 2024ರಲ್ಲಿ ಅವರು ವಾಪಸ್ ಬರುವ ತನಕ ಆ ಮನೆಗಳಲ್ಲಿ ಯಾರು ತಟಸ್ಥರಾಗಿದ್ದರು? ಹೇಳ್ರಿ! ಆ ತಾಯಂದಿರ ಮುಂದೆ ಹೋಗಿ ಹೇಳ್ರಿ, 'ನಾವು ತಟಸ್ಥ' ಅಂತ!

ಇನ್ನೂ ಪಾಯಿಂಟ್ ಬರೆದಿಟ್ಟಿದ್ದೆ, ಆಸ್ಟ್ರಿಯಾದ್ದು, ಐರ್ಲೆಂಡ್‌ದು. ಹಾಳೆ ಎಲ್ಲಿ ಹೋಯ್ತೋ. ಬಿಡಿ. ಸ್ವಿಸ್ ಆಗಲಿ, ದಿಲ್ಲಿ ಆಗಲಿ, ಲೆಕ್ಕ, ಲೆಕ್ಕ, ಲೆಕ್ಕ! ಬೈಯೋರು ಕೆಳಗೆ ಬೈಯಿರಿ, ಕಾಮೆಂಟ್ ಬಂದಷ್ಟೂ ಚಾನೆಲ್‌ಗೆ ಒಳ್ಳೇದು. ಗಂಟಲು ಒಣಗಿತು. ಸುಸಲಾ ಮಿರ್ಚಿ ತಿಂದು ಬರ್ತೀನಿ.