ಒಂದು ಕೋಳಿಗೆ ಎಷ್ಟು ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಮೈಕ್ ಕೇಳಿಸ್ತಿದೆ ತಾನೇ? ಹಿಂದೆ ಕೂತವರು ಮುಂದೆ ಬನ್ನಿ, ಎರಡು ಸಾಲು ಖಾಲಿ ಇದೆ. ಮದುವೆ ಊಟದ ಪಂಕ್ತಿಯಾಗಿದ್ದರೆ ಹೀಗೆ ಬಿಡ್ತಿದ್ದಿರಾ?

ಉಕ್ರೇನಿನ ಯುದ್ಧದ ಕಿರುಚಿತ್ರಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಕೋಳಿಯಿಂದ ಶುರು ಮಾಡುತ್ತೇನೆ.

ಒಬ್ಬ ಹೆಂಗಸು ಹಳ್ಳಿ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿರುತ್ತಾಳೆ. ಕೋಳಿಯೊಂದು ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ಬೇರೆಯವರಾಗಿದ್ದರೆ ಗೇರ್ ಬದಲಿಸಿ ಹೊರಟೇ ಹೋಗುತ್ತಿದ್ದರು. ಇವಳು ಒಳ್ಳೆಯವಳು. ಕೋಳಿ ಸಾಕಿದವರ ಮನೆಗೇ ಹೋಗಿ, ತಪ್ಪಾಯ್ತು, ದುಡ್ಡು ಕೊಡ್ತೀನಿ ಅನ್ನುತ್ತಾಳೆ. ಅಲ್ಲಿರುವುದು ವಯಸ್ಸಾದ ಗಂಡ ಹೆಂಡತಿ. ಇವಳ ಕೈ ಸಡಿಲ ಇದೆ, ಮನಸ್ಸಿನಲ್ಲಿ ಅಳುಕಿದೆ ಅನ್ನುವುದು ಅವರಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಕೋಳಿಯ ಬೆಲೆ ಏರುತ್ತದೆ. ಏರುತ್ತಲೇ ಹೋಗುತ್ತದೆ. ನೋಡುತ್ತಾ ಕೂತವರು ಮೊದಲು ನಗುತ್ತಾರೆ, ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ, ಕೊನೆಗೆ ಓಡು ಮಾರಾಯ್ತಿ, ಕಾರು ಹತ್ತಿ ಓಡು ಅಂತ ಕೂಗಬೇಕು ಅನ್ನಿಸುತ್ತದೆ.

ಇಷ್ಟೇ ಕಥೆ. ಗುಂಡಿಲ್ಲ, ಬಾಂಬಿಲ್ಲ, ಸಮವಸ್ತ್ರ ಹಾಕಿದ ಒಬ್ಬ ಮನುಷ್ಯನೂ ಇಲ್ಲ. ಆದರೂ ನಾನು ನೋಡಿರುವ ಯುದ್ಧದ ಚಿತ್ರಗಳಲ್ಲಿ ಇದರಷ್ಟು ಹೆದರಿಸಿದ್ದು ಕಡಿಮೆ.

ಇದು 'ಬ್ಯಾಡ್ ರೋಡ್ಸ್' ಅನ್ನುವ ಚಿತ್ರದ ನಾಲ್ಕನೇ ಭಾಗ. ಉಕ್ರೇನಿ ಭಾಷೆಯಲ್ಲಿ 'ಪೊಹಾನಿ ದೊರೊಹಿ', ಅಂದರೆ ಕೆಟ್ಟ ರಸ್ತೆಗಳು. ಬರೆದು ನಿರ್ದೇಶಿಸಿದವರು ನತಾಲ್ಯಾ ವೊರೊಜ್‌ಬಿತ್, ಮೂಲತಃ ನಾಟಕಕಾರ್ತಿ. ಉಕ್ರೇನಿನ ಪೂರ್ವ ಭಾಗವಾದ ಡೊನ್‌ಬಾಸ್‌ನಲ್ಲಿ 2014ರಿಂದ ನಡೆದ ಯುದ್ಧ ಕಂಡವರ ಮಾತುಗಳಿಂದ ಕಟ್ಟಿದ ಈ ನಾಟಕ 2017ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಪ್ರದರ್ಶನವಾಯಿತು. ಅದನ್ನೇ ಅವರು ಸಿನಿಮಾ ಮಾಡಿದರು, 2020ರಲ್ಲಿ ವೆನಿಸ್ ಚಿತ್ರೋತ್ಸವದ 'ವಿಮರ್ಶಕರ ವಾರ' ಅನ್ನುವ ವಿಭಾಗದಲ್ಲಿ ತೋರಿಸಿದರು. ಹೆಸರಿಗೆ ಇದು ಪೂರ್ತಿ ಉದ್ದದ ಚಿತ್ರ. ನನ್ನ ಲೆಕ್ಕದಲ್ಲಿ ಇದು ನಾಲ್ಕು ಕಿರುಚಿತ್ರ. ಒಂದೊಂದನ್ನೂ ಬಿಡಿಯಾಗಿ ನೋಡಬಹುದು.

ಇಲ್ಲೊಂದು ವಿಷಯ ಹೇಳಲೇಬೇಕು. ಇದೇ ವೊರೊಜ್‌ಬಿತ್ 2017ರ 'ಸೈಬಾರ್ಗ್ಸ್' ಚಿತ್ರಕ್ಕೂ ಚಿತ್ರಕಥೆ ಬರೆದಿದ್ದಾರೆ. ಅದು ಡೊನೆಟ್ಸ್ಕ್ ವಿಮಾನ ನಿಲ್ದಾಣಕ್ಕಾಗಿ ನಡೆದ ಕಾಳಗದ ಕಥೆ. ಆ ನಿಲ್ದಾಣವನ್ನು ಉಕ್ರೇನಿನ ಸೈನಿಕರು 242 ದಿನ ಹಿಡಿದಿಟ್ಟುಕೊಂಡಿದ್ದರು ಅಂತ ಅಲ್ಲಿ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅಂದರೆ ಈಕೆಗೆ ಗುಂಡು ಹಾರಿಸುವ ಸಿನಿಮಾ ಬರೆಯಲು ಬರಲ್ಲ ಅಂತಲ್ಲ. ಬರೆದು ಮುಗಿಸಿದ ಮೇಲೇ ಕೋಳಿಯ ಸಿನಿಮಾಕ್ಕೆ ಬಂದರು.

ಈಗ ಮೊದಲ ಭಾಗ. ಇದೇ ನನಗೆ ಹೆಚ್ಚು ಇಷ್ಟ, ಆದ್ದರಿಂದ ಸ್ವಲ್ಪ ಜಾಸ್ತಿ ಎಳೆಯುತ್ತೇನೆ, ಸಹಿಸಿಕೊಳ್ಳಿ.

ಒಂದು ಶಾಲೆಯ ಹೆಡ್‌ಮಾಸ್ಟರ್ ಕಾರಿನಲ್ಲಿ ಹೋಗುತ್ತಿದ್ದಾನೆ. ಉಕ್ರೇನಿನ ಸೈನಿಕರ ಚೆಕ್‌ಪೋಸ್ಟ್‌ನಲ್ಲಿ ತಡೆಯುತ್ತಾರೆ. ಪಾಸ್‌ಪೋರ್ಟ್ ಕೊಡು ಅನ್ನುತ್ತಾರೆ. ಅವನು ಕೊಡುತ್ತಾನೆ. ತೆರೆದು ನೋಡಿದರೆ ಅದು ಹೆಂಡತಿಯದು. ಅಲ್ಲಿ ಪಾಸ್‌ಪೋರ್ಟ್ ಅಂದರೆ ವಿದೇಶಕ್ಕೆ ಹೋಗುವ ಪುಸ್ತಕ ಮಾತ್ರ ಅಲ್ಲ, ನಮ್ಮ ಆಧಾರ್ ಇದ್ದ ಹಾಗೆ, ಊರೊಳಗೆ ಓಡಾಡುವುದಕ್ಕೂ ಅದೇ ಗುರುತು. ಸರಿ, ಡಿಕ್ಕಿ ತೆಗಿ ಅನ್ನುತ್ತಾರೆ. ಡಿಕ್ಕಿಯಲ್ಲಿ ಕಲಾಶ್ನಿಕೋವ್! ಅಯ್ಯೋ ಸ್ವಾಮಿ ಇದು ನಿಜವಾದದ್ದಲ್ಲ, ಶಾಲೆಯ ಪಾಠಕ್ಕೆ ಇಟ್ಟುಕೊಂಡ ಡಮ್ಮಿ ಅಂತ ಅವನು ಬಡಬಡಿಸುತ್ತಾನೆ. ಅದು ಸುಳ್ಳಾಗಬೇಕಿಲ್ಲ, ಉಕ್ರೇನಿನ ಶಾಲೆಗಳಲ್ಲಿ ದೇಶರಕ್ಷಣೆ ಅಂತ ಒಂದು ವಿಷಯವೇ ಇದೆ. ಆದರೆ ನೀವೇ ಆ ಸೈನಿಕ ಅಂದುಕೊಳ್ಳಿ. ಹೆಂಡತಿ ಪಾಸ್‌ಪೋರ್ಟ್ ಹಿಡಿದ ಗಂಡಸು, ಡಿಕ್ಕಿಯಲ್ಲಿ ಬಂದೂಕು. ನಂಬ್ತೀರಾ?

ಚುನಾವಣೆ ಸಮಯದಲ್ಲಿ ನಮ್ಮ ಹೈವೇಗಳಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೀರಿ ಅಂದಾಗ, ಒಳಗೆ ಎರಡು ಬ್ಯಾಗು ಬಟ್ಟೆ ಬಿಟ್ಟು ಏನೂ ಇಲ್ಲ ಅಂತ ಗೊತ್ತಿದ್ದರೂ ನನ್ನ ಗಂಟಲು ಒಣಗುತ್ತದೆ. ಸುಮ್ನೆ ಇರಬೇಕಾದಲ್ಲಿ ಜಾಸ್ತಿ ಮಾತಾಡಿಬಿಡುತ್ತೇನೆ. ಆ ಹೆಡ್‌ಮಾಸ್ಟರೂ ಅದನ್ನೇ ಮಾಡುತ್ತಾನೆ. ಊರಿನಲ್ಲಿ ಅವನು ದೊಡ್ಡ ಮನುಷ್ಯ, ಮಕ್ಕಳು ಕಂಡರೆ ಎದ್ದು ನಿಲ್ಲುತ್ತಾರೆ. ಇಲ್ಲಿ ಅವನ ವಿದ್ಯಾರ್ಥಿಗಳಾಗಬಹುದಾದ ವಯಸ್ಸಿನ ಹುಡುಗರ ಮುಂದೆ ಕೈಕೈ ಹಿಸುಕಿಕೊಳ್ಳಬೇಕು.

ಹಾಗೂ ಹೀಗೂ ಬಿಡುತ್ತಾರೆ. ಅಷ್ಟರಲ್ಲಿ ಸೈನಿಕರು ಇರುವ ಜಾಗದಲ್ಲಿ ಒಬ್ಬ ಹುಡುಗಿ ಕಂಡ ಹಾಗಾಗುತ್ತದೆ. ತನ್ನ ಶಾಲೆಯವಳೇ ಅನ್ನಿಸುತ್ತದೆ. ಈಗ ನೋಡಿ ಪೇಚು. ತನ್ನ ಜೀವ ಈಗಷ್ಟೇ ಉಳಿದಿದೆ, ಕಾರು ಚಾಲೂ ಮಾಡಿದರೆ ಮನೆ ಸೇರಬಹುದು. ಕೇಳಬೇಕಾ, ಬೇಡವಾ? ಕೇಳಿದರೆ ಯಾವ ದನಿಯಲ್ಲಿ, ಹೆಡ್‌ಮಾಸ್ಟರ ದನಿಯಲ್ಲೋ ಈಗಷ್ಟೇ ಬೇಡಿಕೊಂಡವನ ದನಿಯಲ್ಲೋ?

ಗಮನಿಸಿ, ಅಲ್ಲಿ ನಿಂತಿರುವವರು ಶತ್ರುಗಳಲ್ಲ. ಆ ಹುಡುಗಿಯದೇ ದೇಶದ ಸೈನ್ಯ. ಯುದ್ಧ ನಡೆಯುತ್ತಿರುವಾಗಲೇ ವೊರೊಜ್‌ಬಿತ್ ತಮ್ಮದೇ ದೇಶದ ಸೈನಿಕರ ಬಗ್ಗೆ ಇಂಥ ಅನುಮಾನ ಎತ್ತುವ ಚಿತ್ರ ಮಾಡಿದರು. ಉಕ್ರೇನ್ 2021ರಲ್ಲಿ ತನ್ನ ಅಧಿಕೃತ ಆಯ್ಕೆಯಾಗಿ ಆಸ್ಕರ್‌ಗೆ ಕಳಿಸಿದ್ದು ಇದನ್ನೇ. ನನಗೆ ಆ ಆಯ್ಕೆ ಚಿತ್ರದಷ್ಟೇ ದೊಡ್ಡದು ಅನ್ನಿಸುತ್ತದೆ.

ಎರಡನೇ ಭಾಗ ಸಣ್ಣದು, ಮೆತ್ತಗಿನದು. ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗಿ ತನ್ನ ಸೈನಿಕನಿಗಾಗಿ ಕಾಯುತ್ತಾಳೆ, ಅಜ್ಜಿ ಬಂದು ಮನೆಗೆ ಕರೆಯುತ್ತಾಳೆ. ಮೂರನೆಯದರಲ್ಲಿ ಸೆರೆ ಸಿಕ್ಕ ಪತ್ರಕರ್ತೆ, ಅವಳನ್ನು ಹಿಡಿದಿಟ್ಟವನು. ಅದು ನೋಡಲು ತುಂಬಾ ಕಷ್ಟ. ನಾನು ಎರಡು ಸಲ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಹೇಳಲ್ಲ, ಮಕ್ಕಳೂ ಕೂತಿದ್ದಾರೆ.

ನಾಲ್ಕನ್ನೂ ಒಟ್ಟಿಗೆ ಇಟ್ಟಾಗ ನನಗೆ ಕಾಣುವುದು ಒಂದೇ, ಚೌಕಾಸಿ. ಪಾಸ್‌ಪೋರ್ಟ್ ಇಲ್ಲದವನನ್ನು ಬಿಡಲು ಎಷ್ಟು, ಹುಡುಗಿ ಮನೆಗೆ ಬರಲು ಎಷ್ಟು, ಜೀವ ಉಳಿಯಲು ಎಷ್ಟು, ಸತ್ತ ಕೋಳಿಗೆ ಎಷ್ಟು. ಸಂತೆಯ ಚೌಕಾಸಿಯಲ್ಲಿ ಬೇಡ ಅಂತ ಎದ್ದು ಹೋಗಬಹುದು. ಇಲ್ಲಿ ಒಬ್ಬರಿಗೆ ಎದ್ದು ಹೋಗುವ ಹಾಗಿಲ್ಲ. ಯುದ್ಧವನ್ನು ಹೀಗೆ ತೋರಿಸಲು ಟ್ಯಾಂಕ್ ಬೇಕಾಗಿಲ್ಲ, ಇಬ್ಬರು ಎದುರುಬದುರು ನಿಂತರೆ ಸಾಕು.

ಭಾಷೆಯ ಮಾತೂ ಸ್ವಲ್ಪ. ಇಲ್ಲಿನ ಪಾತ್ರಗಳು ಉಕ್ರೇನಿ, ರಷ್ಯನ್ ಎರಡೂ ಆಡುತ್ತವೆ. ಆ ಕಡೆ ಎರಡೂ ಬೆರೆತ ಮಾತಿಗೆ ಸುರ್ಜಿಕ್ ಅನ್ನುತ್ತಾರೆ. ಆ ಪದದ ಹಳೆಯ ಅರ್ಥ ಬೆರಕೆ ಧಾನ್ಯ, ಗೋಧಿಗೆ ಬೇರೆ ಕಾಳು ಬೆರೆಸಿ ಬೀಸಿದ ಹಿಟ್ಟು. ಸಬ್‌ಟೈಟಲ್‌ನಲ್ಲಿ ಇದೆಲ್ಲ ಒಂದೇ ಇಂಗ್ಲಿಷಾಗಿ ಬರುತ್ತದೆ, ಹಿಟ್ಟು ಜರಡಿ ಹಿಡಿದ ಹಾಗೆ. ಯಾರು ಯಾವಾಗ ಯಾವ ಭಾಷೆಗೆ ಹೊರಳಿದರು ಅನ್ನೋದು ನಮಗೆ ಸಿಗಲ್ಲ. ನಷ್ಟ ನಮ್ಮದೇ.

ಕಿರುಚಿತ್ರ ಅಂದಮೇಲೆ 'ರಾಕ್, ಪೇಪರ್, ಸಿಸರ್ಸ್' ಹೆಸರನ್ನೂ ಹೇಳಬೇಕು. 2025ರಲ್ಲಿ ಬ್ರಿಟಿಷ್ ಕಿರುಚಿತ್ರ ವಿಭಾಗದಲ್ಲಿ ಬಾಫ್ತಾ, ಅಂದರೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ, ಪಡೆಯಿತು. ನಿರ್ದೇಶಕ ಫ್ರಾಂಜ್ ಬೋಮ್ ಜರ್ಮನಿಯವರು, ಕಥೆ ಉಕ್ರೇನಿನದು. ಬಂಕರಿನ ತಾತ್ಕಾಲಿಕ ಆಸ್ಪತ್ರೆಯಲ್ಲಿ ಅಪ್ಪನ ಜೊತೆ ಇರುವ ಒಬ್ಬ ಹುಡುಗ, ಬಾಗಿಲ ಹತ್ತಿರಕ್ಕೇ ಬಂದ ಸೈನಿಕರು. ಅದು ಬೇರೆ ದಾರಿಯ ಸಿನಿಮಾ, ಉಸಿರು ಬಿಗಿಹಿಡಿಸುತ್ತದೆ. ಆದರೆ ವಾರ ಕಳೆದ ಮೇಲೂ ತಲೆಯಲ್ಲಿ ಉಳಿದದ್ದು ಯಾವುದು ಅಂತ ಕೇಳಿದರೆ, ನನ್ನ ಓಟು ಕೋಳಿಗೇ.

'ಬ್ಯಾಡ್ ರೋಡ್ಸ್' ಬಂದಾಗ ಡೊನ್‌ಬಾಸ್‌ನ ಯುದ್ಧಕ್ಕೆ ಆರು ವರ್ಷ. ವಿಶ್ವಸಂಸ್ಥೆಯ ಅಂದಾಜಿನಲ್ಲಿ 2014ರಿಂದ 2021ರ ಕೊನೆಯವರೆಗೆ ಸುಮಾರು 14 ಸಾವಿರ ಜನ ಸತ್ತಿದ್ದರು. ನಮ್ಮಲ್ಲಿ ಬಹಳ ಜನಕ್ಕೆ ಅಲ್ಲಿ ಯುದ್ಧ ಇದೆ ಅನ್ನೋದೇ ಗೊತ್ತಿರಲಿಲ್ಲ. ಗೊತ್ತಾಗಿದ್ದು 2022ರ ಫೆಬ್ರವರಿ 24ರಂದು ರಷ್ಯಾ ಇಡೀ ಉಕ್ರೇನಿನ ಮೇಲೆ ದಾಳಿ ಶುರು ಮಾಡಿದ ನಂತರ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಸತ್ತ. ಊಟದ ಸಾಮಾನು ತರಲು ಹೊರಗೆ ಹೋಗಿ ಅಂಗಡಿ ಮುಂದೆ ಕ್ಯೂನಲ್ಲಿ ನಿಂತಿದ್ದ ಹುಡುಗ. ಆ ಸುದ್ದಿ ಬಂದ ರಾತ್ರಿ ನನಗೆ ಟಿವಿಯಲ್ಲಿ ತೋರಿಸುತ್ತಿದ್ದ ಟ್ಯಾಂಕುಗಳು ಕಾಣಲೇ ಇಲ್ಲ, ಅಂಗಡಿ ಮುಂದಿನ ಆ ಕ್ಯೂ ಒಂದೇ ಕಣ್ಣಮುಂದೆ ಇತ್ತು.

ಕಿರುಚಿತ್ರ ಮಾಡಬೇಕು, ಬಜೆಟ್ ಇಲ್ಲ ಅಂತ ಕೊರಗುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತದೆ. ಮೊದಲ ಭಾಗಕ್ಕೆ ಬೇಕಾದದ್ದು ಎಷ್ಟು ಅಂತ ಲೆಕ್ಕ ಹಾಕಿ. ಒಂದು ಕಾರು, ಒಂದು ರಸ್ತೆ, ಕೆಲವೇ ನಟರು, ಒಂದು ತಪ್ಪು ಪಾಸ್‌ಪೋರ್ಟ್.

ಈಗ ಅದನ್ನೇ ಹಾಕುತ್ತೇವೆ. ಯಾರಾದರೂ ಆ ಬಾಗಿಲ ಹತ್ತಿರದ ದೀಪ ಆರಿಸಿ. ನೋಡುವಾಗ ಒಂದು ಕೆಲಸ ಮಾಡಿ, ಆ ಹುಡುಗಿ ನಿಜವಾಗಿ ಅಲ್ಲಿದ್ದಳಾ, ಹೆಡ್‌ಮಾಸ್ಟರಿಗೆ ಹಾಗೆ ಕಂಡಿದ್ದಾ ಅಂತ ನಿಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಳ್ಳಿ. ಮುಗಿದ ಮೇಲೆ ಕೈ ಎತ್ತಿಸುತ್ತೇನೆ. ಪಕ್ಕದವರ ಕೈ ನೋಡಿ ಎತ್ತಬೇಡಿ.